ಫ್ಯಾರಡೆಯ ಬಳೆ ಮತ್ತು ಗಿಟಾರಿನ ಗುಂಯ್ ಸದ್ದು

ವಾದ್ಯಗೋಷ್ಠಿಗೆ ಸ್ವಲ್ಪ ಮುಂಚಿತವಾಗಿ ಹೋಗಿ ಕುಳಿತವರಿಗೆಲ್ಲ ಈ ಸದ್ದು ಪರಿಚಿತ. ಗಾಯಕರು ಇನ್ನೂ ಬಂದಿರುವುದಿಲ್ಲ. ಮೈಕ್ ಸೆಟ್ಟಿನವರು ತಂತಿಗಳನ್ನೆಲ್ಲ ಜೋಡಿಸಿ ಸ್ವಿಚ್ಚು ಒತ್ತುತ್ತಾರೆ. ಒಡನೆಯೇ ಸ್ಪೀಕರುಗಳಿಂದ ‘ಗುಂಯ್’ ಎಂಬ ದನಿ ಏಳುತ್ತದೆ. ಅದು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಯಾರೂ ಮೀಟದ ತಂಬೂರಿಯೊಂದು ತಾನಾಗಿಯೇ ಶ್ರುತಿ ಹಿಡಿದು ಕುಳಿತಂತೆ ಇರುತ್ತದೆ. ಗಿಟಾರು ನುಡಿಸುವವನು ತನ್ನ ತಂತಿಯನ್ನು ಆಂಪ್ಲಿಫೈಯರಿಗೆ ಚುಚ್ಚಿದರೆ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಆಗ ಅನುಭವಸ್ಥರೊಬ್ಬರು ಎದ್ದು ಹೋಗಿ ಪ್ಲಗ್ಗನ್ನು ಬಿಚ್ಚಿ, ಅರ್ಥಿಂಗ್ ತಂತಿಯನ್ನು ಕಿತ್ತು, ಮತ್ತೆ ಚುಚ್ಚುತ್ತಾರೆ. ಸದ್ದು ನಿಂತುಹೋಗುತ್ತದೆ. ಎಲ್ಲರಿಗೂ ಸಮಾಧಾನ.

ಆದರೆ ಅಲ್ಲಿ ನಿಂತುಹೋದದ್ದು ಸದ್ದೊಂದೇ ಅಲ್ಲ. ಆ ವಾದಕನ ಪ್ರಾಣಕ್ಕಿದ್ದ ಕಾವಲೂ ಅದರೊಡನೆ ಹೋಗಿರುತ್ತದೆ. ಸದ್ದನ್ನು ನಿಲ್ಲಿಸಲು ಅರ್ಥಿಂಗ್ ಕೀಳಲೇಬೇಕೆ? ಖಂಡಿತ ಬೇಡ. ಎರಡು ಸುರುಳಿಗಳ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಅದೇ ಕೆಲಸವನ್ನು ಯಾವ ಅಪಾಯವೂ ಇಲ್ಲದೆ ಮಾಡಬಲ್ಲದು. ಈ ಉಪಾಯ ಹೊಸದೇನೂ ಅಲ್ಲ. ಗಿಟಾರಿಗೆ ವಿದ್ಯುತ್ತು ಬರುವುದಕ್ಕೆ ಬಹಳ ಮೊದಲೇ ಟೆಲಿಫೋನಿನವರು ಇದನ್ನು ಕಲಿತಿದ್ದರು. ಸಂಗೀತಗಾರರು ಮಾತ್ರ ಅದನ್ನು ಎರಡನೆಯ ಸಲ, ದುಬಾರಿ ಬೆಲೆ ತೆತ್ತು ಕಲಿಯಬೇಕಾಯಿತು. ಆ ಕಥೆ ಸ್ವಾರಸ್ಯದ್ದೂ ಹೌದು, ಎಚ್ಚರಿಕೆಯದ್ದೂ ಹೌದು.

ಸದ್ದಿನ ಮೂಲ

ಮೊದಲು ಈ ಗುಂಯ್ ಸದ್ದು ಏನೆಂಬುದನ್ನು ನೋಡೋಣ. ನಮ್ಮ ಮನೆಗಳಿಗೆ ಬರುವ ಕರೆಂಟು ಎ.ಸಿ., ಅಂದರೆ ಹಿಂದೆ ಮುಂದೆ ತೂಗಾಡುವ ವಿದ್ಯುತ್ತು. ಭಾರತದಲ್ಲಿ ಮತ್ತು ಯೂರೋಪಿನಲ್ಲಿ ಅದು ಸೆಕೆಂಡಿಗೆ 50 ಸಲ ತೂಗುತ್ತದೆ. ಅಮೆರಿಕದಲ್ಲಿ 60 ಸಲ. ಈ ತೂಗಾಟ ಹೇಗಾದರೂ ಆಂಪ್ಲಿಫೈಯರಿನೊಳಗೆ ನುಸುಳಿದರೆ ಸ್ಪೀಕರಿನ ಪರದೆಯೂ ಅಷ್ಟೇ ಸಲ ಅಲುಗುತ್ತದೆ. ಅದೇ ಗುಂಯ್ ಸದ್ದು. ಪಾಶ್ಚಾತ್ಯ ಸ್ವರಪಟ್ಟಿಯಲ್ಲಿ ಹೇಳುವುದಾದರೆ ನಮ್ಮ 50ರ ದನಿ ಕೆಳಗಿನ ‘ಜಿ’ ಸ್ವರಕ್ಕೆ ತೀರ ಹತ್ತಿರ; ಅಮೆರಿಕದ 60ರ ದನಿ ‘ಬಿ ಫ್ಲಾಟ್’ ಮತ್ತು ‘ಬಿ’ ಸ್ವರಗಳ ನಡುವೆ ಎಲ್ಲೋ ಬೀಳುತ್ತದೆ. ಗಿಟಾರಿನ ಅತಿ ದಪ್ಪ ತಂತಿಯ ಕಂಪನ ಸೆಕೆಂಡಿಗೆ ಸುಮಾರು 82. ಆದ್ದರಿಂದ ಈ ಅನಪೇಕ್ಷಿತ ಶ್ರುತಿ ವಾದ್ಯದ ಕೆಳಗೇ, ನೆರಳಿನಂತೆ, ಸದಾ ಇರುತ್ತದೆ.

ಈ ಸದ್ದು ನುಸುಳುವ ದಾರಿಗಳು ಹಲವು. ಹತ್ತಿರದ ಟ್ಯೂಬ್‌ಲೈಟಿನ ಚೋಕಿನಿಂದ ಗಾಳಿಯಲ್ಲೇ ಹಾರಿ ಗಿಟಾರಿನ ಸುರುಳಿಯನ್ನು ಹೊಕ್ಕಬಹುದು. ಅಗ್ಗದ ಅಡಾಪ್ಟರಿನೊಳಗೆ ಎ.ಸಿ. ಪೂರ್ತಿ ಸೋಸಿಹೋಗದೆ ಉಳಿದು, 100ರ ಕಂಪನದ ಒರಟು ದನಿಯಾಗಿ ಬರಬಹುದು. ಇವುಗಳಿಗೆ ಬೇರೆ ಬೇರೆ ಮದ್ದುಗಳಿವೆ. ಆದರೆ ಎಲ್ಲ ಉಪಕರಣಗಳೂ ಸರಿಯಾಗಿದ್ದು, ಎಲ್ಲ ತಂತಿಗಳೂ ಗಟ್ಟಿಯಾಗಿದ್ದು, ಎಲ್ಲಕ್ಕೂ ಅರ್ಥಿಂಗ್ ಕೊಟ್ಟಿದ್ದೂ ಬರುವ ಸದ್ದೊಂದಿದೆ. ಒಂದೊಂದು ಪೆಟ್ಟಿಗೆಯೂ ಒಂಟಿಯಾಗಿದ್ದಾಗ ಮೌನವಾಗಿರುತ್ತದೆ. ಎರಡನ್ನು ಜೋಡಿಸಿದೊಡನೆ ಗುಂಯ್‌ಗುಟ್ಟುತ್ತದೆ. ಇದಕ್ಕೆ ‘ಗ್ರೌಂಡ್ ಲೂಪ್’ ಎಂದು ಹೆಸರು. ನಾವು ಅರ್ಥಿಂಗಿನ ಕುಣಿಕೆ ಎನ್ನಬಹುದು.

ಭೂಮಿಯೆಂಬ ಸಾಮಾನ್ಯ ತಂತಿ

ಈ ಕುಣಿಕೆಯ ಕಥೆ ಶುರುವಾಗುವುದು ಜರ್ಮನಿಯಲ್ಲಿ. 1838ರಲ್ಲಿ ಮ್ಯೂನಿಕ್ ನಗರದ ವಿಜ್ಞಾನಿ ಕಾರ್ಲ್ ಆಗಸ್ಟ್ ಫಾನ್ ಸ್ಟೈನ್‌ಹೈಲ್ ಒಂದು ಸಂಗತಿಯನ್ನು ಕಂಡುಕೊಂಡ. ಟೆಲಿಗ್ರಾಫಿಗೆ ಹೋಗಲೊಂದು, ಬರಲೊಂದು ಎಂದು ಎರಡು ತಂತಿ ಎಳೆಯಬೇಕಾಗಿಲ್ಲ. ಎರಡೂ ತುದಿಗಳಲ್ಲಿ ಲೋಹದ ಫಲಕವನ್ನು ನೆಲದಲ್ಲಿ ಹೂತರೆ ಭೂಮಿಯೇ ಎರಡನೆಯ ತಂತಿಯಾಗುತ್ತದೆ. ಅರ್ಧಕ್ಕರ್ಧ ತಂತಿ ಉಳಿತಾಯ! ಕಂಪನಿಗಳಿಗೆ ಇದಕ್ಕಿಂತ ಹೆಚ್ಚಿನ ಸಂತೋಷ ಬೇಕೆ? ಟೆಲಿಗ್ರಾಫ್ ಹೀಗೆಯೇ ಹಬ್ಬಿತು. 1876ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಟೆಲಿಫೋನಿಗೆ ಪೇಟೆಂಟ್ ಪಡೆದ ಮೇಲೆ ಊರೂರುಗಳಲ್ಲಿ ಎಳೆದ ಟೆಲಿಫೋನ್ ಲೈನುಗಳೂ ಬಹುಪಾಲು ಒಂಟಿ ತಂತಿಯವೇ.

ಭೂಮಿ ಎಲ್ಲರಿಗೂ ಸೇರಿದ್ದು ಎಂಬುದು ಆಗ ತೊಂದರೆಯಾಗಿ ಕಾಣಲಿಲ್ಲ. 1888ರಲ್ಲಿ ಅಮೆರಿಕದ ರಿಚ್ಮಂಡ್ ನಗರದಲ್ಲಿ ಫ್ರಾಂಕ್ ಸ್ಪ್ರೇಗ್ ವಿದ್ಯುತ್ ಟ್ರಾಮ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಓಡಿಸಿ ತೋರಿಸಿದ. ಬೇರೆ ನಗರಗಳೂ ಅದನ್ನೇ ಅನುಸರಿಸಿದವು. ಟ್ರಾಮಿಗೆ ಕರೆಂಟು ಮೇಲಿನ ತಂತಿಯಿಂದ ಬಂದು, ಕೆಳಗಿನ ಹಳಿಯ ಮೂಲಕ ಹಿಂದಿರುಗುತ್ತದೆ. ಹಳಿ ನೆಲದ ಮೇಲಿದೆ. ಹಾಗಾಗಿ ಆ ಭಾರಿ ಕರೆಂಟಿನ ಒಂದಂಶ ನೆಲಕ್ಕೂ ಹರಿಯುತ್ತದೆ. ಅದೇ ನೆಲವನ್ನು ತಂತಿಯಾಗಿ ಬಳಸುತ್ತಿದ್ದ ಟೆಲಿಫೋನುಗಳಲ್ಲಿ ಮಾತಿಗೆ ಬದಲು ಟ್ರಾಮಿನ ಮೋಟಾರುಗಳ ಆರ್ಭಟ ಕೇಳತೊಡಗಿತು.

ಟೆಲಿಫೋನಿನವರು ಕೋರ್ಟಿಗೆ ಹೋದರು. ಸಿನ್ಸಿನಾಟಿ ನಗರದ ಮೊಕದ್ದಮೆಯೊಂದು ಓಹಾಯೋ ರಾಜ್ಯದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1891ರಲ್ಲಿ ತೀರ್ಪು ಬಂತು. ಗೆದ್ದದ್ದು ಟ್ರಾಮ್ ಕಂಪನಿ. ರಸ್ತೆಯಿರುವುದು ಮೊದಲಿಗೆ ಜನರ ಓಡಾಟಕ್ಕೆ. ನೆಲವನ್ನು ತಂತಿಯಾಗಿ ಬಳಸುವ ಹಕ್ಕು ಟೆಲಿಫೋನಿನವರೊಬ್ಬರದೇ ಅಲ್ಲ ಎಂಬುದು ತೀರ್ಪಿನ ಸಾರ. ಕಾನೂನಿನ ಮಾತಾದರೂ ಇದರಲ್ಲಿ ಭೌತಶಾಸ್ತ್ರದ ಸತ್ಯವೇ ಇತ್ತು. ಊರಿಗೆಲ್ಲ ಒಂದೇ ಓಣಿಯಾದರೆ ನಿಮ್ಮ ಬಂಡಿಯೊಂದೇ ಅಲ್ಲಿ ಓಡಬೇಕೆಂದು ಹಟ ಹಿಡಿಯಲಾಗದು.

ಆಗ ಟೆಲಿಫೋನಿನವರು ಉಳಿತಾಯದ ಆಸೆ ಬಿಟ್ಟು ಎರಡು ತಂತಿಗಳಿಗೆ ಮರಳಿದರು. ಎರಡು ತಂತಿಗಳನ್ನು ಜಡೆಯಂತೆ ಹೊಸೆದರೆ ಹೊರಗಿನ ಗಲಾಟೆ ಎರಡರ ಮೇಲೂ ಸಮನಾಗಿ ಬಿದ್ದು ಒಂದನ್ನೊಂದು ಅಳಿಸಿಹಾಕುತ್ತದೆ ಎಂಬುದನ್ನು ಬೆಲ್ 1881ರಷ್ಟು ಹಿಂದೆಯೇ ಪೇಟೆಂಟ್ ಮಾಡಿದ್ದ. ಆದರೆ ಊರಿನ ಎಲ್ಲ ಲೈನುಗಳನ್ನೂ ಒಂದೇ ದಿನ ಬದಲಿಸಲಾಗುವುದಿಲ್ಲವಲ್ಲ? ಕೆಲವು ಮನೆಗಳಲ್ಲಿ ಹಳೆಯ ಒಂಟಿ ತಂತಿ, ದೂರದ ಲೈನಿನಲ್ಲಿ ಹೊಸ ಜೋಡಿ ತಂತಿ. ಇವೆರಡನ್ನೂ ನೇರವಾಗಿ ಜೋಡಿಸಿದರೆ ಒಂಟಿ ತಂತಿಯ ಜತೆಗಿರುವ ಭೂಮಿ, ಜೋಡಿ ತಂತಿಯ ಸಮತೋಲವನ್ನು ಕೆಡಿಸುತ್ತದೆ. ಮಾತು ಮಾತ್ರ ದಾಟಬೇಕು, ಭೂಮಿ ದಾಟಬಾರದು. ಅಂಥ ಬಾಗಿಲೊಂದು ಬೇಕಾಗಿತ್ತು. ಆ ಬಾಗಿಲು 60 ವರ್ಷ ಹಿಂದೆಯೇ ಲಂಡನ್ನಿನಲ್ಲಿ ತಯಾರಾಗಿತ್ತು.

ಒಂದು ಕಬ್ಬಿಣದ ಬಳೆ

1831ರ ಆಗಸ್ಟ್ 29ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮೈಕೆಲ್ ಫ್ಯಾರಡೆ ಒಂದು ಪ್ರಯೋಗ ಮಾಡಿದ. ಸುಮಾರು ಆರು ಇಂಚು ಅಗಲದ, ಮೆದು ಕಬ್ಬಿಣದ ದಪ್ಪ ಬಳೆ. ಅದರ ಒಂದು ಪಕ್ಕಕ್ಕೆ ತಾಮ್ರದ ತಂತಿಯ ಒಂದು ಸುರುಳಿ, ಇನ್ನೊಂದು ಪಕ್ಕಕ್ಕೆ ಬೇರೊಂದು ಸುರುಳಿ. ತಂತಿ ತಂತಿಗೆ ತಾಗದಂತೆ ನಡುವೆ ಬಟ್ಟೆ, ದಾರ. ಒಂದು ಸುರುಳಿಗೆ ಬ್ಯಾಟರಿ, ಇನ್ನೊಂದಕ್ಕೆ ತಂತಿಯ ಬಳಿ ಒಂದು ಅಯಸ್ಕಾಂತದ ಮುಳ್ಳು. ಬ್ಯಾಟರಿ ಜೋಡಿಸಿದಾಗ ಮುಳ್ಳು ಒಮ್ಮೆ ಅಲುಗಿ ಸುಮ್ಮನಾಯಿತು. ತೆಗೆದಾಗ ಮತ್ತೊಮ್ಮೆ ಅಲುಗಿತು. ನಡುವೆ, ಕರೆಂಟು ಒಂದೇ ಸಮನೆ ಹರಿಯುತ್ತಿದ್ದಾಗ, ಮುಳ್ಳು ಅಲುಗಲೇ ಇಲ್ಲ.

ಎರಡು ಸುರುಳಿಗಳ ನಡುವೆ ತಂತಿಯ ಸಂಬಂಧವೇ ಇಲ್ಲ. ಆದರೂ ಸುದ್ದಿ ದಾಟಿತು, ಕಬ್ಬಿಣದೊಳಗಿನ ಕಾಂತಶಕ್ತಿಯ ಮೂಲಕ. ಅದೂ ಬದಲಾವಣೆ ಇದ್ದಾಗ ಮಾತ್ರ. ಈ ಬಳೆಯೇ ಲೋಕದ ಮೊದಲ ಟ್ರಾನ್ಸ್‌ಫಾರ್ಮರ್. 1885ರಲ್ಲಿ ಬುಡಾಪೆಸ್ಟ್‌ನ ಗಾಂಜ್ ಕಾರ್ಖಾನೆಯ ಮೂವರು ಎಂಜಿನಿಯರುಗಳು ಅದನ್ನು ವಿದ್ಯುತ್ ಸರಬರಾಜಿಗೆ ಒಗ್ಗುವ ಯಂತ್ರವಾಗಿ ಬೆಳೆಸಿದರು. ಇಂದು ನಮ್ಮ ಬೀದಿಯ ಕಂಬದ ಮೇಲೆ ಕುಳಿತಿರುವ ದೊಡ್ಡ ಡಬ್ಬ ಅದರ ವಂಶದ್ದೇ. ವೋಲ್ಟೇಜನ್ನು ಏರಿಸುವುದು, ಇಳಿಸುವುದು ಅದರ ಕೆಲಸವೆಂದು ಶಾಲೆಯಲ್ಲಿ ಓದಿದ್ದೇವೆ. ಆದರೆ ಅದಕ್ಕೆ ಇನ್ನೊಂದು ಗುಣವೂ ಇದೆ. ಏರಿಸದೆ, ಇಳಿಸದೆ, ಎರಡು ಕಡೆಗಳನ್ನು ಬೇರೆಯಾಗಿಟ್ಟು ಸುದ್ದಿಯನ್ನು ಮಾತ್ರ ದಾಟಿಸುವುದು. ಟೆಲಿಫೋನಿನವರು ಹಿಡಿದದ್ದು ಈ ಗುಣವನ್ನು. ತಮ್ಮ ಎಕ್ಸ್‌ಚೇಂಜುಗಳಲ್ಲಿ ಒಂಟಿ ತಂತಿ ಮತ್ತು ಜೋಡಿ ತಂತಿಯ ನಡುವೆ ಅವರು ಇಂಥ ಸುರುಳಿಗಳನ್ನು ಇಟ್ಟರು. ‘ರಿಪೀಟಿಂಗ್ ಕಾಯಿಲ್’ ಎಂದು ಕರೆದರು. ಮಾತು ದಾಟಿತು, ಟ್ರಾಮಿನ ಆರ್ಭಟ ಆಚೆಯೇ ಉಳಿಯಿತು. ಮುಂದೆ ರೇಡಿಯೋ ಕೇಂದ್ರಗಳು ಬಂದಾಗ ಟೆಲಿಫೋನಿನಿಂದಲೇ ಈ ವಿದ್ಯೆ ಸ್ಟುಡಿಯೋಗಳಿಗೆ ಹೋಯಿತು.

ಗಿಟಾರಿಗೆ ವಿದ್ಯುತ್ತು ಬಂದಾಗ

ಇನ್ನು ಗಿಟಾರಿನ ಸರದಿ. 1931-32ರಲ್ಲಿ ಲಾಸ್ ಏಂಜಲೀಸ್‌ನ ಜಾರ್ಜ್ ಬೋಷಾಂ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ ಸೇರಿ ಒಂದು ವಿದ್ಯುತ್ ಗಿಟಾರನ್ನು ಮಾರುಕಟ್ಟೆಗೆ ತಂದರು. ಅದರ ಆಕಾರದಿಂದಾಗಿ ಅದಕ್ಕೆ ‘ಫ್ರೈಯಿಂಗ್ ಪ್ಯಾನ್’, ಅಂದರೆ ಬಾಣಲೆ ಎಂಬ ಅಡ್ಡಹೆಸರು ಬಂತು. ಉಕ್ಕಿನ ತಂತಿಯ ಬಳಿ ಅಯಸ್ಕಾಂತ ಮತ್ತು ಸಣ್ಣ ತಂತಿಯ ಸುರುಳಿ. ತಂತಿ ಕಂಪಿಸಿದರೆ ಸುರುಳಿಯಲ್ಲಿ ಕರೆಂಟು. ಇದೂ ಫ್ಯಾರಡೆಯ ತತ್ವವೇ. ಇದನ್ನು ಪಿಕಪ್ ಎನ್ನುತ್ತಾರೆ. ನಮ್ಮಲ್ಲಿ ವೀಣೆಗೂ ಇಂಥದನ್ನು ಅಳವಡಿಸುವುದುಂಟು. ಆದರೆ ಸುರುಳಿಗೆ ವಿವೇಚನೆಯಿಲ್ಲ. ಗಿಟಾರಿನ ತಂತಿಯ ಸುದ್ದಿಯನ್ನು ಹಿಡಿದಂತೆಯೇ ಪಕ್ಕದ ಲೈಟಿನ, ಮೋಟಾರಿನ ಸುದ್ದಿಯನ್ನೂ ಅದು ಹಿಡಿಯುತ್ತದೆ.

ಇದಕ್ಕೆ ಪರಿಹಾರವಾಗಿ 1955ರಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ಎಂಬ ಎಂಜಿನಿಯರ್ ಎರಡು ಸುರುಳಿಗಳನ್ನು ಒಂದಕ್ಕೊಂದು ತಿರುಗುಮುರುಗಾಗಿ ಜೋಡಿಸಿದ. ಅವುಗಳ ಅಯಸ್ಕಾಂತಗಳನ್ನೂ ತಿರುಗುಮುರುಗಾಗಿಸಿದ್ದರಿಂದ ಗಿಟಾರಿನ ದನಿ ಎರಡರಲ್ಲೂ ಕೂಡಿಕೊಂಡಿತು. ಹೊರಗಿನ ಗುಂಯ್ ಸದ್ದು ಕಳೆದುಹೋಯಿತು. ಬೆಲ್‌ನ ಹೊಸೆದ ತಂತಿಯ ಜಾಣ್ಮೆ ಇಲ್ಲಿ ಮತ್ತೊಂದು ರೂಪದಲ್ಲಿ ಬಂದಿತ್ತು. ಇದನ್ನೇ ‘ಹಂಬಕರ್’ ಎನ್ನುವುದು. ಗಾಳಿಯಲ್ಲಿ ಬರುವ ಸದ್ದಿಗೆ ಇದು ಮದ್ದಾಯಿತು. ತಂತಿಯಲ್ಲಿ ಬರುವ ಸದ್ದು ಇನ್ನೂ ಮುಂದಿತ್ತು.

ಆ ಸದ್ದನ್ನು ತಂದದ್ದು ಪೆಡಲ್‌ಗಳು. ಅವುಗಳ ಹುಟ್ಟಿನ ಹಿಂದೆಯೂ ಒಂದು ಟ್ರಾನ್ಸ್‌ಫಾರ್ಮರ್ ಇದೆ, ಅದೂ ಕೆಟ್ಟುಹೋದದ್ದು! ನ್ಯಾಶ್‌ವಿಲ್ ನಗರದಲ್ಲಿ ಗಾಯಕ ಮಾರ್ಟಿ ರಾಬಿನ್ಸ್‌ನ ‘ಡೋಂಟ್ ವರಿ’ ಎಂಬ ಹಾಡಿಗೆ ಗ್ರೇಡಿ ಮಾರ್ಟಿನ್ ಬಾಸ್ ಗಿಟಾರು ನುಡಿಸಿದ್ದ. ರೆಕಾರ್ಡಿಂಗ್ ಯಂತ್ರದ ಒಂದು ಟ್ರಾನ್ಸ್‌ಫಾರ್ಮರ್ ಕೈಕೊಟ್ಟು ಅವನ ದನಿ ಹರಿದ ಬಟ್ಟೆಯಂತೆ ಚಿಂದಿಯಾಗಿ ಕೇಳಿಸಿತು. ಅದನ್ನು ಅಳಿಸದೆ ಹಾಗೆಯೇ ಉಳಿಸಿಕೊಂಡರು. ಜನ ಮೆಚ್ಚಿದರು. ಎಂಜಿನಿಯರ್ ಗ್ಲೆನ್ ಸ್ನಾಡಿ ಅದೇ ಒಡಕು ದನಿಯನ್ನು ಬೇಕೆಂದಾಗ ಕೊಡುವ ಸಣ್ಣ ಪೆಟ್ಟಿಗೆಯೊಂದನ್ನು ರೂಪಿಸಿದ. 1962ರಲ್ಲಿ ಗಿಬ್ಸನ್ ಕಂಪನಿ ಅದನ್ನು ಮಾಯೆಸ್ಟ್ರೋ ಫಜ್-ಟೋನ್ ಎಂಬ ಹೆಸರಿನಲ್ಲಿ ಮಾರಿತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ‘ಸ್ಯಾಟಿಸ್ಫ್ಯಾಕ್ಷನ್’ ಹಾಡಿನಲ್ಲಿ ಅದನ್ನು ಬಳಸಿದ ಮೇಲೆ, ಕಾಲಲ್ಲಿ ಒತ್ತುವ ಇಂಥ ಪೆಟ್ಟಿಗೆ ಗಿಟಾರು ವಾದಕರಿಗೆಲ್ಲ ಬೇಕಾಯಿತು.

ಕುಣಿಕೆ ಬಿದ್ದದ್ದು ಹೀಗೆ

ಮೊದಲ ಪೆಡಲ್‌ಗಳು ಬ್ಯಾಟರಿಯಿಂದ ನಡೆಯುತ್ತಿದ್ದವು. ಬ್ಯಾಟರಿಗೂ ಗೋಡೆಯ ಪ್ಲಗ್ಗಿಗೂ ಸಂಬಂಧವಿಲ್ಲ. ಆದ್ದರಿಂದ ಕುಣಿಕೆಯೂ ಇಲ್ಲ. ಗಿಟಾರು, ಪೆಡಲ್, ಒಂದೇ ಆಂಪ್ಲಿಫೈಯರ್ ಎಂಬ ಈ ಸರಪಳಿಯಲ್ಲಿ ಭೂಮಿಗೆ ಒಂದೇ ದಾರಿ. ಮುಂದೆ ಪೆಡಲ್‌ಗಳ ಸಂಖ್ಯೆ ಹೆಚ್ಚಿತು, ಕರೆಂಟಿನ ಪೆಡಲ್‌ಗಳು ಬಂದವು, ಒಂದರ ಬದಲು ಎರಡು ಆಂಪ್ಲಿಫೈಯರುಗಳು ಬಂದವು. 1976ರಲ್ಲಿ ಜಪಾನಿನ ಬಾಸ್ ಕಂಪನಿ ಹೊರತಂದ ಸಿಇ-1 ಎಂಬ ಕೋರಸ್ ಪೆಡಲ್ ಇದಕ್ಕೆ ಒಳ್ಳೆಯ ಉದಾಹರಣೆ. ಅದು ನೇರ ಕರೆಂಟಿನಿಂದ ನಡೆಯುವಂಥದು. ಅದರಿಂದ ಎರಡು ದಾರಿಗಳಲ್ಲಿ ದನಿ ಹೊರಬರುತ್ತಿತ್ತು. ಎಡಕ್ಕೊಂದು, ಬಲಕ್ಕೊಂದು ಆಂಪ್ಲಿಫೈಯರ್ ಇಟ್ಟರೆ ದನಿ ವೇದಿಕೆಯ ಉದ್ದಕ್ಕೂ ತೇಲುವಂತೆ ಕೇಳಿಸುತ್ತದೆ.

ಈಗ ತಂತಿಗಳನ್ನು ಹಿಂಬಾಲಿಸಿ ನೋಡಿ. ಗಿಟಾರಿನ ಕೇಬಲ್ಲಿನಲ್ಲಿ ನಡುವೆ ದನಿಯ ತಂತಿ, ಅದರ ಸುತ್ತ ಜಾಲರಿಯ ಕವಚ. ಆ ಕವಚವೇ ದನಿಗೆ ಹಿಂದಿರುಗುವ ದಾರಿಯೂ ಹೌದು, ಆಂಪ್ಲಿಫೈಯರಿನ ಲೋಹದ ಪೆಟ್ಟಿಗೆಗೆ ಸೇರುವ ಅರ್ಥೂ ಹೌದು. ಎಡದ ಆಂಪ್ಲಿಫೈಯರಿನ ಪೆಟ್ಟಿಗೆ ತನ್ನ ಮೂರನೆಯ ಪಿನ್ನಿನಿಂದ ಕಟ್ಟಡದ ಅರ್ಥಿಂಗಿಗೆ ಸೇರಿದೆ, ಬಲದ್ದೂ ಸೇರಿದೆ. ಪೆಡಲಿನಿಂದ ಎರಡೂ ಕಡೆಗೆ ಹೋದ ಕೇಬಲ್ ಕವಚಗಳು ಆ ಎರಡು ಪೆಟ್ಟಿಗೆಗಳನ್ನು ಮತ್ತೊಮ್ಮೆ ಜೋಡಿಸಿವೆ. ವೇದಿಕೆಯ ಮೇಲೊಂದು ದಾರಿ, ಗೋಡೆಯೊಳಗೊಂದು ದಾರಿ. ಒಟ್ಟಿನಲ್ಲಿ ಒಂದು ದೊಡ್ಡ ಬಳೆ.

ಕಟ್ಟಡದ ಅರ್ಥಿಂಗ್ ಎಲ್ಲ ಕಡೆ ಒಂದೇ ಮಟ್ಟದಲ್ಲಿರುವುದಿಲ್ಲ. ಒಂದು ಪ್ಲಗ್ಗಿನ ಅರ್ಥಿಗೂ ಇನ್ನೊಂದರ ಅರ್ಥಿಗೂ ಕಿಂಚಿತ್ ವ್ಯತ್ಯಾಸವಿದ್ದೇ ಇರುತ್ತದೆ. ಸಾಲದ್ದಕ್ಕೆ, ಸುತ್ತಲಿನ ಕಾಂತಕ್ಷೇತ್ರ ಆ ಬಳೆಯೊಳಗೆ ಹಾದು ಅದರಲ್ಲಿ ಕರೆಂಟು ಹುಟ್ಟಿಸುತ್ತದೆ. ಒಂದು ಲೆಕ್ಕ ಹಾಕೋಣ. ಆ ಕರೆಂಟು 10 ಮಿಲಿ ಆಂಪಿಯರ್, ಕೇಬಲ್ ಕವಚದ ತಡೆ 0.1 ಓಮ್ ಎಂದುಕೊಂಡರೆ, ಕವಚದ ಎರಡು ತುದಿಗಳ ನಡುವೆ 1 ಮಿಲಿವೋಲ್ಟ್ ಏಳುತ್ತದೆ. ನಗಣ್ಯವೆನ್ನಬಹುದು. ಆದರೆ ಗಿಟಾರು ಮೆಲ್ಲಗೆ ನುಡಿದಾಗ ಅದರ ದನಿಯೂ ಕೆಲವೇ ಮಿಲಿವೋಲ್ಟ್. ಆಂಪ್ಲಿಫೈಯರಿಗೆ ಯಾವುದು ಸಂಗೀತ, ಯಾವುದು ಕರೆಂಟಿನ ಗುಂಗು ಎಂದು ತಿಳಿಯದು. ಎರಡನ್ನೂ ಸಾವಿರಪಟ್ಟು ಹಿಗ್ಗಿಸುತ್ತದೆ. ಸಿನ್ಸಿನಾಟಿಯಲ್ಲಿ ಟ್ರಾಮು ಮತ್ತು ಟೆಲಿಫೋನು ಒಂದೇ ನೆಲವನ್ನು ಹಂಚಿಕೊಂಡಂತೆ, ಇಲ್ಲಿ ಗೋಡೆಯ ಕರೆಂಟು ಮತ್ತು ಗಿಟಾರಿನ ದನಿ ಒಂದೇ ಕವಚವನ್ನು ಹಂಚಿಕೊಂಡಿವೆ.

ಸುಲಭದ ದಾರಿ, ಅಪಾಯದ ದಾರಿ

ಕುಣಿಕೆಯನ್ನು ಎಲ್ಲಾದರೂ ಒಂದು ಕಡೆ ಕತ್ತರಿಸಿದರೆ ಸದ್ದು ನಿಲ್ಲುತ್ತದೆ. ಎಲ್ಲಿ ಕತ್ತರಿಸಬೇಕು ಎಂಬುದೇ ಪ್ರಶ್ನೆ. ಎಲ್ಲಕ್ಕಿಂತ ಸುಲಭವಾಗಿ ಕೈಗೆ ಸಿಗುವುದು ಪ್ಲಗ್ಗಿನ ಮೂರನೆಯ ಪಿನ್ನು. ಅಮೆರಿಕದಲ್ಲಿ ಮೂರು ಪಿನ್ನನ್ನು ಎರಡಾಗಿಸುವ ಸಣ್ಣ ಅಡಾಪ್ಟರುಗಳು ಸಿಗುತ್ತಿದ್ದವು. ವಾದಕರು ಅದನ್ನು ಗಿಟಾರಿನ ಪೆಟ್ಟಿಗೆಯಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದರು. ಅಲ್ಲಿನ ಹಳೆಯ ಆಂಪ್ಲಿಫೈಯರುಗಳಲ್ಲಿ ಅನೇಕವು ಹುಟ್ಟಿನಿಂದಲೇ ಎರಡು ಪಿನ್ನಿನವು. ಗುಂಯ್ ಸದ್ದು ಕಡಿಮೆ ಮಾಡಲೆಂದು ಕರೆಂಟಿನ ಒಂದು ತಂತಿಗೂ ಲೋಹದ ಪೆಟ್ಟಿಗೆಗೂ ನಡುವೆ ಅವುಗಳಲ್ಲಿ ಒಂದು ಕೆಪಾಸಿಟರ್ ಇಡುತ್ತಿದ್ದರು. ಅದು ಕೆಟ್ಟು ಒಳಗೊಳಗೇ ಕೂಡಿಕೊಂಡರೆ ಇಡೀ ಪೆಟ್ಟಿಗೆಗೆ ಕರೆಂಟು ಬರುತ್ತಿತ್ತು. ರಿಪೇರಿಯವರು ಅದಕ್ಕೆ ಇಟ್ಟ ಹೆಸರು ‘ಡೆತ್ ಕ್ಯಾಪ್’.

ವಿದ್ಯುತ್ ಗಿಟಾರು ನುಡಿಸುವವನ ಸ್ಥಿತಿ ಬೇರೆಯವರಿಗಿಂತ ನಾಜೂಕು. ಅವನ ಬೆರಳುಗಳು ಉಕ್ಕಿನ ತಂತಿಗಳ ಮೇಲಿವೆ. ಆ ತಂತಿಗಳನ್ನು, ಗುಂಯ್ ಸದ್ದು ತಗ್ಗಲೆಂದೇ, ಕೇಬಲ್ ಕವಚಕ್ಕೆ ಜೋಡಿಸಿರುತ್ತಾರೆ. ಕವಚ ಆಂಪ್ಲಿಫೈಯರಿನ ಪೆಟ್ಟಿಗೆಗೆ ಸೇರಿದೆ. ಹಾಡುವಾಗ ಅವನ ತುಟಿ ಮೈಕಿಗೆ ತಾಗುತ್ತದೆ. ಮೈಕು ಬೇರೊಂದು ಯಂತ್ರದ ಅರ್ಥಿಂಗಿಗೆ ಸೇರಿದೆ. ಎರಡರಲ್ಲಿ ಒಂದಕ್ಕೆ ಅರ್ಥಿಂಗ್ ಇಲ್ಲದೆ ಅದರೊಳಗೆ ದೋಷವಿದ್ದರೆ, ಕರೆಂಟು ಹರಿಯುವ ದಾರಿ ಯಾವುದು? ಬೆರಳಿನಿಂದ ತುಟಿಗೆ, ಎದೆಯನ್ನು ಹಾಯ್ದು.

1965ರ ಡಿಸೆಂಬರ್ 3ರಂದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಕೀತ್ ರಿಚರ್ಡ್ಸ್‌ನ ಗಿಟಾರು ಮೈಕಿನ ಕಂಬಕ್ಕೆ ತಗುಲಿತು. ಆತ ಅಲ್ಲೇ ಪ್ರಜ್ಞೆ ತಪ್ಪಿ ಬಿದ್ದ, ಬದುಕಿಕೊಂಡ. ರಬ್ಬರ್ ಅಡಿಯ ಬೂಟು ಕಾಪಾಡಿತೆಂದು ಹೇಳುತ್ತಾರೆ. 1972ರ ಮೇ 3ರಂದು ಬ್ರಿಟನ್ನಿನ ಸ್ವಾನ್ಸಿ ನಗರದಲ್ಲಿ ಸ್ಟೋನ್ ದ ಕ್ರೋಸ್ ತಂಡದ ಲೆಸ್ ಹಾರ್ವಿಗೆ ಆ ಅದೃಷ್ಟ ಇರಲಿಲ್ಲ. ಅರ್ಥಿಂಗ್ ಸರಿಯಿಲ್ಲದ ವೇದಿಕೆಯಲ್ಲಿ ಮೈಕನ್ನು ಮುಟ್ಟಿದವನು ಸಭಿಕರೆದುರೇ ಸತ್ತ. ವಯಸ್ಸು 27. 1974ರಲ್ಲಿ ಯೂರಾಯಾ ಹೀಪ್ ತಂಡದ ಗ್ಯಾರಿ ಥೇನ್ ಡಲ್ಲಾಸ್‌ನ ವೇದಿಕೆಯಲ್ಲಿ ಶಾಕ್ ಹೊಡೆದು ಗಾಯಗೊಂಡ. 1976ರ ಮೇ ತಿಂಗಳಲ್ಲಿ ಯಾರ್ಡ್‌ಬರ್ಡ್ಸ್ ತಂಡದಲ್ಲಿ ಹಾಡುತ್ತಿದ್ದ ಕೀತ್ ರೆಲ್ಫ್ ತನ್ನ ಮನೆಯಲ್ಲೇ, ಅರ್ಥಿಂಗ್ ಸರಿಯಿಲ್ಲದ ವಿದ್ಯುತ್ ಗಿಟಾರು ನುಡಿಸುತ್ತ ತೀರಿಕೊಂಡ. ವಯಸ್ಸು 33.

ಇಲ್ಲೆಲ್ಲ ಗುಂಯ್ ಸದ್ದು ನಿಲ್ಲಿಸಲೆಂದೇ ಯಾರೋ ಪಿನ್ನು ಕಿತ್ತಿದ್ದರು ಎಂದು ಹೇಳುವುದು ಸರಿಯಲ್ಲ. ಆದರೆ ಅರ್ಥಿಂಗ್ ಇಲ್ಲದ ವೇದಿಕೆ ಏನು ಮಾಡಬಲ್ಲದು ಎಂಬುದಕ್ಕೆ ಈ ಹೆಸರುಗಳು ಸಾಕ್ಷಿ. ಪಿನ್ನು ಕೀಳುವವನು ತನಗರಿವಿಲ್ಲದೆ ಅದೇ ವೇದಿಕೆಯನ್ನು ಮತ್ತೆ ಕಟ್ಟುತ್ತಿರುತ್ತಾನೆ. ನಮಗಂತೂ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಅಮೆರಿಕದ ಮನೆಯ ಕರೆಂಟು 120 ವೋಲ್ಟ್, ನಮ್ಮದು 230.

ಸರಿಯಾದ ಜಾಗದಲ್ಲಿ ಕತ್ತರಿ

ಹಾಗಾದರೆ ಎಲ್ಲಿ ಕತ್ತರಿಸಬೇಕು? ದನಿಯ ತಂತಿ ಹೋಗುವ ದಾರಿಯಲ್ಲಿ. ಪೆಡಲಿನಿಂದ ಎರಡನೆಯ ಆಂಪ್ಲಿಫೈಯರಿಗೆ ಹೋಗುವ ಕೇಬಲ್ಲಿನ ನಡುವೆ ಒಂದಕ್ಕೊಂದು ಸಮ ಸುತ್ತಿನ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಇಟ್ಟು, ಅದರ ಆಚೆಯ ಕವಚಕ್ಕೂ ಈಚೆಯ ಕವಚಕ್ಕೂ ಸಂಬಂಧ ತಪ್ಪಿಸುವುದು. ಇದನ್ನೇ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಎನ್ನುತ್ತಾರೆ. ಗಿಟಾರಿನ ದನಿ ಮೊದಲ ಸುರುಳಿಯ ಎರಡು ತುದಿಗಳ ನಡುವಿನ ವ್ಯತ್ಯಾಸವಾಗಿ ಬರುತ್ತದೆ. ಅದು ಕಾಂತಶಕ್ತಿಯಾಗಿ ಕಬ್ಬಿಣವನ್ನು ದಾಟಿ ಎರಡನೆಯ ಸುರುಳಿಯಲ್ಲಿ ಮತ್ತೆ ದನಿಯಾಗುತ್ತದೆ. ಅರ್ಥಿಂಗಿನ ಏರುಪೇರಾದರೋ ಸುರುಳಿಯ ಎರಡು ತುದಿಗಳನ್ನೂ ಒಟ್ಟಿಗೇ ಎತ್ತಿ ಇಳಿಸುತ್ತದೆ. ತುದಿಗಳ ನಡುವೆ ವ್ಯತ್ಯಾಸವಿಲ್ಲ. ಆದ್ದರಿಂದ ದಾಟುವುದಕ್ಕೆ ಏನೂ ಇಲ್ಲ. ದೋಣಿಯೇ ಏರಿಳಿದರೆ ಅದರಲ್ಲಿ ಕುಳಿತ ಇಬ್ಬರ ಎತ್ತರದ ವ್ಯತ್ಯಾಸ ಬದಲಾಗುವುದಿಲ್ಲವಷ್ಟೆ.

ಎರಡೂ ಆಂಪ್ಲಿಫೈಯರುಗಳ ಮೂರನೆಯ ಪಿನ್ನು ಇದ್ದಲ್ಲೇ ಇರುತ್ತದೆ. ಗಿಟಾರಿನ ತಂತಿಗಳು ಮೊದಲ ಆಂಪ್ಲಿಫೈಯರಿನ ಮೂಲಕ ಅರ್ಥಿಂಗಿಗೆ ಸೇರಿಯೇ ಇರುತ್ತವೆ. ಸದ್ದು ಹೋಯಿತು, ಕಾವಲು ಉಳಿಯಿತು.

ಸ್ಟುಡಿಯೋದವರಿಗೆ ಇದು ಹೊಸದಾಗಿರಲಿಲ್ಲ. 1960ರ ದಶಕದಲ್ಲಿ ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೋದಲ್ಲಿ ಜೇಮ್ಸ್ ಜೇಮರ್ಸನ್‌ನ ಬಾಸ್ ಗಿಟಾರನ್ನು ಮೈಕಿನ ಮುಂದಿಡದೆ ನೇರವಾಗಿ ರೆಕಾರ್ಡಿಂಗ್ ಯಂತ್ರಕ್ಕೆ ಜೋಡಿಸುತ್ತಿದ್ದರು. ಹೀಗೆ ನೇರವಾಗಿ ಜೋಡಿಸುವ ‘ಡಿ.ಐ. ಬಾಕ್ಸ್’ ಎಂಬ ಡಬ್ಬಿಗಳಲ್ಲಿ ಬಹಳಷ್ಟರ ಹೃದಯ ಟ್ರಾನ್ಸ್‌ಫಾರ್ಮರೇ. 1974ರಲ್ಲಿ ಡೀನ್ ಜೆನ್ಸನ್ ಕ್ಯಾಲಿಫೋರ್ನಿಯಾದಲ್ಲಿ ದನಿಗೆಂದೇ ಉತ್ತಮ ದರ್ಜೆಯ ಟ್ರಾನ್ಸ್‌ಫಾರ್ಮರುಗಳನ್ನು ಮಾಡುವ ಕಂಪನಿ ಆರಂಭಿಸಿದ. 1995ರ ಜೂನ್ ತಿಂಗಳಲ್ಲಿ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆ ಅರ್ಥಿಂಗ್ ಮತ್ತು ಕವಚಗಳ ವಿಷಯಕ್ಕೇ ಒಂದು ಸಂಚಿಕೆಯನ್ನು ಮೀಸಲಿಟ್ಟಿತು. ಅದರಲ್ಲಿ ನೀಲ್ ಮನ್ಸಿ ಮತ್ತು ಬಿಲ್ ವಿಟ್‌ಲಾಕ್ ಬರೆದ ಲೇಖನಗಳು ಈ ಕ್ಷೇತ್ರದವರಿಗೆ ಇಂದಿಗೂ ಪಾಠದಂತಿವೆ. ಅಂದರೆ ಟೆಲಿಫೋನಿನವರು 1890ರ ದಶಕದಲ್ಲಿ ಕಲಿತದ್ದನ್ನು ನೂರು ವರ್ಷಗಳ ನಂತರವೂ ಸಂಗೀತದ ಎಂಜಿನಿಯರುಗಳಿಗೆ ಬಿಡಿಸಿ ಹೇಳಬೇಕಾಗಿತ್ತು.

ಟ್ರಾನ್ಸ್‌ಫಾರ್ಮರ್ ಸರ್ವರೋಗಕ್ಕೂ ಮದ್ದಲ್ಲ ಎಂಬುದನ್ನೂ ಹೇಳಬೇಕು. ಗಿಟಾರಿನ ಪಿಕಪ್ಪೇ ಗಾಳಿಯಿಂದ ಹಿಡಿದ ಸದ್ದನ್ನು ಅದು ತಡೆಯಲಾರದು. ಆ ಸದ್ದು ಸಂಗೀತದ ಜತೆಗೇ ಬೆರೆತು ಬಂದಿರುತ್ತದೆ. ಗಿಟಾರಿನಿಂದ ಹೊರಟ ಕೂಡಲೇ ಇಟ್ಟರೆ ದನಿ ಮಂಕಾಗಬಹುದು. ಕೊನೆಯ ಪೆಡಲಿನ ನಂತರ, ಅದು ಚಾಲೂ ಇರುವಾಗ, ದನಿಗೆ ಬಲ ಬಂದಿರುತ್ತದೆ, ಅಲ್ಲಿಡುವುದು ಲೇಸು. ತೀರ ಚಿಕ್ಕ, ಅಗ್ಗದ ಟ್ರಾನ್ಸ್‌ಫಾರ್ಮರಿನ ಕಬ್ಬಿಣ ಕೆಳಸ್ವರಗಳನ್ನು ಹೊರಲಾರದೆ ಒಡಕು ದನಿ ಕೊಡುತ್ತದೆ. ಒಳ್ಳೆಯವುಗಳಲ್ಲಿ ಎರಡು ಸುರುಳಿಗಳ ನಡುವೆ ತೆಳುವಾದ ಲೋಹದ ಹಾಳೆ ಇರುತ್ತದೆ. ಅದರ ಹೆಸರು ‘ಫ್ಯಾರಡೆ ಕವಚ’ ಎಂಬುದು ಉಚಿತವೇ ಆಗಿದೆ.

ಮನೆಯಲ್ಲಿ ಗಿಟಾರು ನುಡಿಸುವ ಹುಡುಗರು ಹಣ ಖರ್ಚು ಮಾಡುವ ಮುನ್ನ ಮಾಡಬಹುದಾದ ಪರೀಕ್ಷೆಗಳೂ ಇವೆ. ಮೊದಲು ಎಲ್ಲ ಯಂತ್ರಗಳನ್ನೂ ಅರ್ಥಿಂಗ್ ಇರುವ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚಿ ನೋಡಬೇಕು. ಬಳೆ ಚಿಕ್ಕದಾದಷ್ಟೂ ಸದ್ದು ತಗ್ಗುತ್ತದೆ. ನಂತರ ಪೆಡಲನ್ನು ಅಡಾಪ್ಟರ್ ಬಿಡಿಸಿ ಬ್ಯಾಟರಿಯಲ್ಲಿ ನಡೆಸಿ ನೋಡಬೇಕು. ಆಗ ಸದ್ದು ಹೋದರೆ ದೋಷ ಅಡಾಪ್ಟರಿನ ಕಡೆಯದು. ಪ್ರತಿ ಪೆಡಲಿಗೂ ಬೇರೆ ಬೇರೆ ಸುರುಳಿಯಿಂದ ಕರೆಂಟು ಕೊಡುವ ಪವರ್ ಸಪ್ಲೈ ಬೇಕಾಗುತ್ತದೆ. ಅದರಲ್ಲಿರುವುದೂ ಬೇರ್ಪಡಿಸುವ ಟ್ರಾನ್ಸ್‌ಫಾರ್ಮರೇ. ಒಂದು ಆಂಪ್ಲಿಫೈಯರಿನಲ್ಲಿ ಸುಮ್ಮನಿದ್ದು, ಎರಡನೆಯದಕ್ಕೆ ಕೇಬಲ್ ಚುಚ್ಚಿದೊಡನೆ ಸದ್ದು ಬಂದರೆ ಅದು ಕುಣಿಕೆಯೆಂದು ತಿಳಿಯಬಹುದು. ಅಲ್ಲಿಗೆ ದನಿಯ ದಾರಿಯಲ್ಲಿ ಐಸೋಲೇಷನ್ ಟ್ರಾನ್ಸ್‌ಫಾರ್ಮರ್. ಯಂತ್ರ ಮುಟ್ಟಿದಾಗ ಬೆರಳು ಜುಮ್ಮೆಂದರೆ ಮಾತ್ರ ಯಾವ ಪರೀಕ್ಷೆಯೂ ಬೇಡ. ಮೇನ್ ಆರಿಸಿ, ಎಲೆಕ್ಟ್ರಿಷಿಯನ್ನರನ್ನು ಕರೆಯಬೇಕು.

ನಮ್ಮ ಮನೆಗಳ ಪ್ಲಗ್ಗಿನಲ್ಲಿ ಮೂರನೆಯ ಪಿನ್ನು ಉಳಿದೆರಡಕ್ಕಿಂತ ಉದ್ದ, ದಪ್ಪ. ಕರೆಂಟು ಬರುವುದಕ್ಕೆ ಮುಂಚೆ ಅರ್ಥಿಂಗ್ ಕೂಡಲಿ, ಕರೆಂಟು ಹೋದ ನಂತರವೇ ಅದು ಬಿಡಲಿ ಎಂಬುದು ಉದ್ದೇಶ. ಎರಡು ಪಿನ್ನಿನ ಪ್ಲಗ್ಗು ತೂರಿಸಲು ಆ ಮೇಲಿನ ತೂತಿಗೆ ಪೆನ್ನಿನ ತುದಿ ಚುಚ್ಚಿ ತೆರೆಯುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ. ಉಪಯೋಗವೇ ಕಾಣದ ಪಿನ್ನು ಅದು; ಇದ್ದಷ್ಟು ದಿನ ಏನೂ ಮಾಡಿದಂತೆ ತೋರುವುದಿಲ್ಲ. ವೇದಿಕೆಯ ಮೇಲಂತೂ ಗುಂಯ್ ಎಂದು ಕಾಟ ಕೊಡುತ್ತದೆ. ಅದರ ಕೆಲಸ ಬರುವುದು ಬಹುಶಃ ಜೀವಮಾನದಲ್ಲಿ ಒಮ್ಮೆ, ಒಂದು ಕ್ಷಣ. ಆ ಕ್ಷಣ ಯಾವುದೆಂದು ಯಾರಿಗೂ ಮೊದಲೇ ಗೊತ್ತಿರುವುದಿಲ್ಲ. ಮುಂದಿನ ಸಲ ಗೋಷ್ಠಿಯಲ್ಲಿ ಯಾರಾದರೂ ಅದನ್ನು ಬಿಚ್ಚಲು ಹೊರಟರೆ, ‘ಸ್ವಾಮಿ, ಬೇರ್ಪಡಿಸಬೇಕಾದದ್ದು ದನಿಯನ್ನು, ಮನುಷ್ಯನನ್ನಲ್ಲ’ ಎಂದು ಹೇಳುವವರೊಬ್ಬರು ಅಲ್ಲಿರಲಿ.